ಹೆಡ್‌ಮಾಸ್ತರು ತಿದ್ದಿದ ನನ್ನ ಪಿಎಚ್‌ಡಿ

ಗೆಳ್ಯಾರ, ನಾನು ಅನಗೋಳದಾಗ ಚಿತ್ರಕಲಾ ಟೀಚರ್ ಅನ್ನೋದು ನಿಮಗ ಗೊತ್ತೈತಿ. ಯಾರೂ ಹೇಳಿಕೊಡದಿದ್ರ ಮಕ್ಕಳು ಹೆಂಗ ಚಿತ್ರ ತಗೀತಾರ ಅನ್ನೋದು ನನ್ನ ಪಿಎಚ್‌ಡಿ ವಿಷಯ. ಅದಕ್ಕ ಇವತ್ತ ಖಾನಾಪುರ ಕಡೆ ಒಂದು ಸಾಲಿಗೆ ಹೋಗಿದ್ದೆ.

"ನಿಮ್ಮ ಮನಿ ಚಿತ್ರ ತಗೀರಿ" ಅಂದೆ. ಒಬ್ಬಾಕಿ ಮನಿಗಿಂತ ದೊಡ್ಡ ಎಮ್ಮಿ ತಗದ್ಲು. ಇನ್ನೊಬ್ಬಾಂವ ಒಳಗ ಮಲಗಿದ ಅಜ್ಜಿನ್ನ ಗ್ವಾಡಿ ಆಚಿಂದನ ಕಾಣೂಹಂಗ ತಗದ. ನಾ ಖುಷೀಲೆ ಚಾ ಕುಡ್ಯಾಕ ಹೋದೆ.

ವಾಪಸ್ ಬರೂದ್ರಾಗ ಎಮ್ಮಿ ಕುರಿಯಷ್ಟಾಗಿತ್ತು, ಅಜ್ಜಿ ಮಾಯ. ಎಲ್ಲಾರ ಹಾಳಿ ಮ್ಯಾಲೂ ಎರಡು ಗುಡ್ಡ, ನಡುವ ಒಂದು ಸೂರ್ಯ. ಹೆಡ್‌ಮಾಸ್ತರು ಕೈಯಾಗ ರಬ್ಬರ್ ಹಿಡಕೊಂಡು ಬೆವರು ಒರಸ್ಕೊಳ್ಳಾಕತ್ತಿದ್ರು.

"ಏನ್ರೀ ಸರ ಇದು!"

"ಹುಡುಗ್ರು ಎಲ್ಲಾ ತಪ್ಪು ತಗದಿದ್ರರೀ ಮೇಡಂ. ನಿಮ್ಮ ಪಿಎಚ್‌ಡಿ ಕೆಡಬಾರದಂತ ನಾನ ತಿದ್ದಿಸೀನಿ."

ನಗಬೇಕೋ ಅಳಬೇಕೋ ತಿಳೀಲಿಲ್ಲ. ಎಮ್ಮಿ ಹುಡುಗಿ ಮಾತ್ರ ಖರೇನ ಅಳಾಕತ್ತಿದ್ಲು. ಆಕಿಗೆ ಹೊಸ ಹಾಳಿ ಕೊಟ್ಟೆ. ಈ ಸಲ ಎಮ್ಮಿ ಎಷ್ಟು ದೊಡ್ಡದಾತಂದ್ರ, ಮನಿಗೆ ಜಾಗಾನ ಉಳೀಲಿಲ್ಲ.

ಹೊಂಡೂಮುಂದ ಸರ ಗೇಟಿನ ತನಕ ಬಂದು, "ಪ್ರಬಂಧದಾಗ ನನ್ನ ಹೆಸರೂ ಹಾಕ್ರಿ ಮೇಡಂ" ಅಂದ್ರು.

ಹಾಕೇ ಹಾಕ್ತೀನಿ. 'ಸಂಶೋಧನೆಗೆ ಎದುರಾದ ಅಡಚಣೆಗಳು' ಅನ್ನೋ ಅಧ್ಯಾಯ ಇನ್ನೂ ಖಾಲಿ ಐತಿ.