ಸಹಿಗೆ ಮೊದಲು ಹೊಲಿಗೆಯಕ್ಕ

ನಮ್ಮ ವಕೀಲರ ಕಚೇರಿಗೆ ಮನೆ ಕೊಳ್ಳಲು ಬರುವವರೆಲ್ಲ ತೋರಿಸಿದ ಕಡೆ ಸಹಿ ಹಾಕಿ ಹೋಗುತ್ತಾರೆ. ಹೊಲಿಗೆಯಕ್ಕ ಆ ಪೈಕಿಯಲ್ಲ. ಅವಳಿನ್ನೂ ಮೆಟ್ಟಿಲಲ್ಲಿರುವಾಗಲೇ ಅವಳ ಪ್ರಶ್ನೆ ಒಳಗೆ ಬಂದು ಕೂತಿರುತ್ತಿತ್ತು. "ಮಾರೋರಿಗೆ ಈ ಮನೆ ಯಾರಿಂದ ಬಂತು? ಅವರಿಗೆ ಯಾರು ಕೊಟ್ಟಿದ್ದು?" ವಕೀಲರು ಮುತ್ತಜ್ಜನವರೆಗೆ ಹೋಗಿ ಬಂದರೂ ಸಮಾಧಾನವಿಲ್ಲ, ಬಿಟ್ಟರೆ ಆದಿಮಾನವನ ಒಪ್ಪಿಗೆಯನ್ನೂ ಕೇಳಿಯಾಳೆಂದು ನಾವು ಗುಮಾಸ್ತರು ನಗುತ್ತಿದ್ದೆವು. ಮನೆ ಎಲ್ಲಾದರೂ ಅಡವಿದೆಯೇ, ಹಿತ್ತಲ ಗೋಡೆ ಪಕ್ಕದವರ ಜಾಗದಲ್ಲಿ ನಿಂತಿದೆಯೇ, ನಾಳೆ ಮಾರಿದವರ ತಂಗಿ ಬಂದು ಪಾಲು ಕೇಳಿದರೆ ಏನು ಗತಿ? "ಎಲ್ಲಾ ಸರಿಯಿದೆ, ಸಹಿ ಹಾಕಮ್ಮ" ಎಂದು ದಲ್ಲಾಳಿ ಅವಸರ ಮಾಡಿದರೆ, "ಸರಿಯಿದ್ರೆ ಅವಸರ ಯಾಕೆ? ರವಿಕೆನೇ ಎರಡು ಸಲ ಅಳೆದು ಕತ್ತರಿಸ್ತೀನಿ, ಇದು ಮನೆ" ಎಂದು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಕೊನೆಯ ದಿನ ಜೊತೆಗೆ ಬಂದಿದ್ದ ಅಣ್ಣ, "ನನ್ನ ಹೆಸರೂ ಸೇರಿಸು, ಒಂದು ಆಸರೆ ಇರುತ್ತೆ" ಎಂದ. "ಒರಗೋಕೆ ಗೋಡೆ ಇದೆಯಲ್ಲ ಅಣ್ಣ" ಎಂದವಳೇ ವಕೀಲರ ಕಡೆ ತಿರುಗಿ, "ನನ್ನನ್ನ ಈ ಮನೆಯಿಂದ ಹೊರಗೆ ಹಾಕಬೇಕಾದ್ರೆ ಯಾರ ಒಪ್ಪಿಗೆ ಬೇಕು?" ಎಂದು ಕೇಳಿದಳು. ದಲ್ಲಾಳಿ ನಕ್ಕ. ಅವಳು ನಗಲಿಲ್ಲ. ಮೊದಲು ಗಂಡ, ಆಮೇಲೆ ಇದೇ ಅಣ್ಣ, ಹೊಲಿಗೆ ಯಂತ್ರದ ಸಮೇತ ಅವಳನ್ನು ಬೀದಿಗೆ ಇಳಿಸಿದ್ದರು. ಆಗ ಅವಳನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ. ಅಣ್ಣ ಕಿಟಕಿಯ ಹೊರಗೆ ನೋಡಿದ. ವಕೀಲರು ಕನ್ನಡಕ ತೆಗೆದು ಮೆಲ್ಲಗೆ, "ಕೋರ್ಟಿನ ಮಾತು ಬಿಟ್ರೆ, ನಿಮ್ಮದೊಂದೇ" ಎಂದರು. "ನಾನಂತೂ ಒಪ್ಪಲ್ಲ" ಎಂದು ಹೊಲಿಗೆಯಕ್ಕ ಪೆನ್ನಿಗೆ ಕೈ ಚಾಚಿದಳು.