ವಾರಿಜಕ್ಕ ಬಿಚ್ಚದ ರಿಂಗು

ಘಣಸೋಲಿಯ ವಾರಿಜಕ್ಕನ ಕ್ರಾಸ್ ಸ್ಟಿಚ್ ಕಸೂತಿಯ ಫ್ರೇಮು ಎಷ್ಟು ದೊಡ್ಡದೆಂದರೆ, ಅದು ಹಾಲ್‌ಗೆ ಬಂದರೆ ಗಂಡ ಊಟದ ತಟ್ಟೆ ಹಿಡಿದು ಬಾಲ್ಕನಿಗೆ ಹೋಗಬೇಕು. ಲೋಕಲ್ ರೈಲಿನಲ್ಲಿ ಯಾರ ಕೈಯಲ್ಲಿ ಬಟ್ಟೆ ಬಿಗಿಯುವ ಕಸೂತಿಯ ರಿಂಗು ಕಂಡರೂ ಅವಳ ಉಪದೇಶ ತಪ್ಪದು: "ಸೂಜಿ ಕೆಳಗಿಟ್ಟ ಕೂಡ್ಲೆ ರಿಂಗ್ ಬಿಚ್ಚಬೇಕು ಮಾರಾಯ್ತಿ, ಇಲ್ಲದಿದ್ರೆ ಬಟ್ಟೆಯಲ್ಲಿ ಗುರುತು ಕೂತುಬಿಡ್ತದೆ, ಒಗೆದ್ರೂ ಹೋಗುದಿಲ್ಲ." ತಾನು ಮಾತ್ರ ಈಗ ರಿಂಗು ಮುಟ್ಟುವುದಿಲ್ಲ, ಹೊಲಿಯುವುದೆಲ್ಲ ಆ ಫ್ರೇಮಿನಲ್ಲೇ. ಅವಳ ಕಪಾಟಿನಲ್ಲಿ ಅರ್ಧ ಹೊಲಿದ ದೋಣಿಯೊಂದು ವರ್ಷಗಳಿಂದ ರಿಂಗಿನಲ್ಲೇ ಬಿಗಿದು ಕೂತಿದೆ. ಲೋಕಲ್‌ನಲ್ಲಿ ಕೆಲವೇ ಸ್ಟೇಷನ್ ದೂರದ ದಿವಾದಲ್ಲಿ ಕಾಯಿಲೆ ಬಿದ್ದಿದ್ದ ತಂಗಿ ಸುಮತಿ ಫೋನ್ ಮಾಡಿ, "ಒಮ್ಮೆ ಬಂದು ಹೋಗಕ್ಕ" ಎಂದಾಗ, "ಈ ರಿಂಗಿನೊಳಗಿನ ಅರ್ಧ ದೋಣಿ ಮುಗಿಸಿ ಬರ್ತೇನೆ" ಎಂದಿದ್ದಳು ವಾರಿಜಕ್ಕ. ಆ ಅರ್ಧವನ್ನು ಮುಗಿಸಿಯೂ ಇದ್ದಳು. ಬಿಚ್ಚಲೆಂದು ರಿಂಗಿನ ತಿರುಪಿಗೆ ಕೈಯಿಟ್ಟಾಗ ದಿವಾದಿಂದ ಮತ್ತೆ ಫೋನು ಬಂತು; ಈ ಸಲ ಮಾತಾಡಿದ್ದು ಸುಮತಿಯಲ್ಲ.