ಬಿಸಿಯಿಲ್ಲದ ಬೆಳಕು ಮತ್ತು ಗ್ಯಾಸ್‌ಲೈಟ್ ಹಾಲಪ್ಪ

ಉರಿಯುವ ದೀಪ ಎಲ್ಲಿ ಕಂಡರೂ ಗ್ಯಾಸ್‌ಲೈಟ್ ಹಾಲಪ್ಪ ಮೊದಲು ಅಂಗೈ ಒಡ್ಡುತ್ತಿದ್ದ. ಅಂಗೈಗೆ ಬಿಸಿ ತಾಗಿದರೆ ಅದು ಬೆಳಕು. ತಾಗದಿದ್ದರೆ ಅದರಲ್ಲೇನೋ ಮಸಲತ್ತು. ನ್ಯಾಮತಿಗೆ ಎಲ್‌ಇಡಿ ಬಲ್ಬು ಹೊಸದಾಗಿ ಬಂದಾಗ ಅಂಗಡಿಯವನ ಎದುರೇ ಒಂದನ್ನು ಹೊತ್ತಿಸಿ, ಮುಟ್ಟಿ, ಮೂಸಿ, "ಇಷ್ಟು ತಣ್ಣಗೈತೆ, ಇಷ್ಟು ಬೆಳಗತೈತೆ. ಏನು ತಿಂದು ಬೆಳಗತೈತೆ ಇದು?" ಎಂದು ಕೇಳಿದ. ಅಂಗಡಿಯವನು ನಕ್ಕ. ಹಾಲಪ್ಪ ನಗಲಿಲ್ಲ. ಬಲ್ಬನ್ನು ಅಲ್ಲೇ ಇಟ್ಟು ಬಂದ.

ಅವನ ಅಂಗಡಿ ನಮ್ಮ ಗೋಡೆಗೆ ಅಂಟಿಕೊಂಡೇ ಇತ್ತು. ಕಡ್ಡಿಯಂಥ ಆಳು, ಎಡಗಣ್ಣು ಸದಾ ಕಿರಿದು ಮಾಡಿಕೊಂಡೇ ನೋಡುವುದು. ಒಂದು ಕಾಲಕ್ಕೆ ಚನ್ನಗಿರಿ, ಹೊನ್ನಾಳಿ, ಅತ್ತ ಜಗಳೂರಿನ ಸೊಕ್ಕೆವರೆಗೂ ಮದುವೆಗಳಿಗೆ ಗ್ಯಾಸ್‌ಲೈಟ್ ಬಾಡಿಗೆಗೆ ಕೊಟ್ಟವನು. ಆಮೇಲೆ ಸ್ಟೌ, ಕುಕ್ಕರು ರಿಪೇರಿಗೆ ಇಳಿದ. ಕುಕ್ಕರಿನ ಸೀಟಿಯನ್ನೂ ಅವನು ನಂಬುತ್ತಿರಲಿಲ್ಲ. ಮುಚ್ಚಳಕ್ಕೆ ಕಿವಿ ಇಟ್ಟು ಒಳಗೆ ನಿಜವಾಗಿ ಕುದಿಯುತ್ತಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದ.

ಗ್ಯಾಸ್‌ಲೈಟಿಗೆ ಮೇಂಟಲ್ ಎಂಬ ಸಣ್ಣ ಬಟ್ಟೆಚೀಲ ಕಟ್ಟುತ್ತಾರೆ. ಮೊದಲ ಸಲ ಹೊತ್ತಿಸಿದಾಗ ಬಟ್ಟೆ ಸುಟ್ಟು ಬೂದಿಯ ಬಲೆಯಾಗುತ್ತದೆ, ಆ ಬೂದಿಯೇ ಬೆಳ್ಳಗೆ ಬೆಳಗುತ್ತದೆ. ಅದು ಹರಿದರೆ ಹಾಲಪ್ಪ ಮೂಗಿಗೆ ಒದ್ದೆ ಟವೆಲ್ ಬಿಗಿದು, ಉಸಿರು ಹಿಡಿದು, ಬೂದಿಯನ್ನು ಡಬ್ಬಿಗೆ ಉದುರಿಸಿ ಹಿತ್ತಲಲ್ಲಿ ಹೂಳುತ್ತಿದ್ದ. ಊರೆಲ್ಲ ನಗುತ್ತಿತ್ತು. "ಸುಟ್ಟು ಬೂದಿಯಾದ ಮ್ಯಾಲೂ ಬೆಳಗತೈತೆ ಅಂದ್ರೆ ಅದು ಒಲೆ ಬೂದಿ ಅಲ್ಲ ಯಕ್ಕಾ. ಒಳಗೇನೈತೆ ಅಂತ ನಂಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಮೂಗಿಗೆ ಎಳಕಳ್ಳಾಕೆ ಆಗತೈತಾ?" ಅನ್ನುತ್ತಿದ್ದ. ಆಗಿನ ಮೇಂಟಲ್‌ಗಳಲ್ಲಿ ಉಸಿರಿಗೆ ಹೋಗಬಾರದ ವಸ್ತು ಇರುತ್ತಿತ್ತು ಎಂದು ನನ್ನ ಮೊಮ್ಮಗಳು ರಂಜಿತಾ ಎಷ್ಟೋ ವರ್ಷದ ಮೇಲೆ ಹೇಳಿದಳು. ನಾಲ್ಕಕ್ಷರ ಓದದವನಿಗೆ ಅದು ಹೇಗೆ ಹೊಳೆಯಿತೋ.

ಆ ರಂಜಿತಾ ಗಾಜಿನ ಮೇಲೆ ಸಂಶೋಧನೆಗೆ ಸೇರಿದ್ದಳು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ನನ್ನ ಮೊಮ್ಮಗಳು ಕುಲುಮೆಯಲ್ಲಿ ಗಾಜು ಕರಗಿಸುತ್ತಾಳೆ! ಒಂದು ರಜೆಯಲ್ಲಿ ಬೆರಳಿನ ಗೆಣ್ಣಿನಷ್ಟು ದೊಡ್ಡ ತುಂಡೊಂದನ್ನು ತಂದಳು. ಅತ್ತ ಗಾಜೂ ಅಲ್ಲ, ಇತ್ತ ಪಿಂಗಾಣಿಯೂ ಅಲ್ಲ, ಹಾಲು ಬೆರೆತ ಹಾಗೆ ಮಬ್ಬು. ಬಿಸಿಲಿಗಿಟ್ಟು ಕತ್ತಲಿಗೆ ತಂದರೆ ತಾನೇ ಬೆಳಗುತ್ತಿತ್ತು. ನಾನು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಮನೆಗೆ ಹೋಗಿ ತೋರಿಸಿದೆ. ಹಾಲಪ್ಪನಿಗೂ ತೋರಿಸಿ, ಇಂಥದನ್ನು ಅವಳು ಅಲ್ಲಿ ಅರೆದು ಪುಡಿ ಮಾಡುತ್ತಾಳೆ ಎಂದೂ ಹೇಳಿದೆ. ತಪ್ಪಾಗಿದ್ದು ಅಲ್ಲೇ.

ಅವನು ತುಂಡನ್ನು ನೋಡಿದ, ಅಂಗೈ ಒಡ್ಡಿದ, ನೇರ ನನ್ನ ಮಗ ಬಸವರಾಜನ ಹತ್ತಿರ ಹೋದ. "ಬಸಣ್ಣ, ಮಗಳು ಇದನ್ನ ಪುಡಿ ಮಾಡ್ತಾಳಂತೆ. ಆ ಪುಡಿ ಎಲ್ಲಿಗೆ ಹೋಗತೈತೆ ಅಂತ ಕೇಳಿದೀಯಾ?"

ದೀಪದ ವಿಷಯದಲ್ಲಿ ಹಾಲಪ್ಪ ಹೇಳಿದ್ದೇ ಕೊನೆ ಎಂದು ನಂಬಿ ಬೆಳೆದವನು ಬಸವರಾಜ. ಮಗಳನ್ನು ಕರೆದು, "ರಜೆ ಮುಗುದ್ರೂ ನೀ ಹೋಗಾದು ಬ್ಯಾಡ. ಹಾಲಪ್ಪ ಹೂಂ ಅನ್ನಾತನಕ ಇಲ್ಲೇ ಇರು" ಅಂದ. ಹುಡುಗಿ ಅನ್ನ ಮುಟ್ಟಲಿಲ್ಲ. ಊರೆಲ್ಲ ತೋರಿಸಿಕೊಂಡು ಬಂದ ನನ್ನ ಸೆರಗನ್ನು ನಾನೇ ಶಪಿಸಿಕೊಂಡೆ.

ಮಾರನೇ ದಿನ ಮಧ್ಯಾಹ್ನ ರಂಜಿತಾ ತುಂಡನ್ನು ಅಂಗಳದ ಬಿಸಿಲಿಗಿಟ್ಟು ಹಾಲಪ್ಪನನ್ನು ಕರೆದಳು. ಹಗಲಲ್ಲಿ ಕತ್ತಲೆಗೆ ಎಲ್ಲಿ ಹೋಗುವುದು? ಕರಿ ಕಂಬಳಿ ಹೊದ್ದು ಮೂವರೂ ಒಳಗೆ ಕೂತೆವು. ತುಂಡು ಎಳೆ ಬಾಳೆಲೆಯ ಬಣ್ಣದಲ್ಲಿ ಬೆಳಗುತ್ತಿತ್ತು.

"ಸೆಲ್ ಎಲ್ಲಿಟ್ಟೀಯವ್ವ?"

"ಸೆಲ್ ಇಲ್ಲ ಹಾಲಪ್ಪಜ್ಜ."

ಉಗುರಲ್ಲಿ ಕೆರೆದ. ಹಲ್ಲಿಗೆ ಬಡಿದು ಸದ್ದು ಕೇಳಿದ. "ಮತ್ತೆ ಒಳಗೇನೈತೆ? ಸುಳ್ಳು ಹೇಳಬ್ಯಾಡ, ಕಂಬಳಿಯೊಳಗೆ ಕುಂತೀವಿ."

"ಪಾಕದಂಗಿರೋ ಜೋನಿ ಬೆಲ್ಲ ನೋಡಿದೀಯಲ್ಲ? ಕೊಡದಲ್ಲಿಟ್ರೆ ಬರಬರ್ತಾ ಒಳಗೆ ಹರಳು ಕಟ್ಟತೈತೆ. ಹಂಗೇ ಇದು. ಬರೇ ಗಾಜಂದ್ರೆ ಒಳಗೆ ಎಲ್ಲಾ ಅಡ್ಡಾದಿಡ್ಡಿ, ಬಸ್ಸಿಗೆ ನುಗ್ಗೋ ಜನ ಇದ್ದಂಗೆ. ಅದನ್ನ ತಿರುಗಾ ಹದವಾಗಿ ಕಾಸಿದ್ರೆ ಅಲ್ಲಲ್ಲಿ ಸಾಲಾಗಿ ನಿಂತು ಹರಳಾಗತೈತೆ. ಆ ಹರಳೊಳಗೆ ಬ್ಯಾರೆ ಲೋಹ ಒಂಚೂರು ಸೇರಿಸಿರ್ತೀವಿ. ಬಿಸಿಲು ಬಿದ್ರೆ ಹಿಡಕಂತೈತೆ, ಆಮ್ಯಾಲೆ ನಿಧಾನಕ್ಕೆ ಬಿಡತೈತೆ."

"ಬಿಸಿಲು ಹಿಡಕಂಡ್ರೆ ಬಿಸಿ ಎಲ್ಲೋಯ್ತು? ಯಕ್ಕಾ, ಬಿಸಿನೀರು ತಗಂಬಾ. ಬೆಳಕು ಅಂದ್ಮ್ಯಾಲೆ ಬಿಸಿ ಕೊಟ್ರೆ ಜಾಸ್ತಿ ಉರೀಬೇಕು."

ಕುದಿನೀರಿನ ಲೋಟ ತಂದೆ. ತುಂಡನ್ನು ಅದರೊಳಗೆ ಬಿಟ್ಟ. ಭಗ್ಗನೆ ಬೆಳಕು ಏರಿತು, ಅವನ ಮುಖದ ಕುರುಚಲು ಗಡ್ಡವೆಲ್ಲ ಹಸಿರಾಯಿತು. "ನೋಡಿದ್ಯಾ!" ಎಂದು ಅವನು ಅನ್ನುವಷ್ಟರಲ್ಲಿ ಬೆಳಕು ಇಳಿಯಿತು, ಮಂಕಾಯಿತು, ಕಾಣದಂತಾಯಿತು.

ಹಾಲಪ್ಪ ಕಂಬಳಿ ಕಿತ್ತೆಸೆದ. "ಸತ್ತೋಯ್ತು. ನಾ ಹೇಳ್ಲಿಲ್ವಾ?"

ಬಾಗಿಲಲ್ಲಿ ನಿಂತಿದ್ದ ಬಸವರಾಜ ತಲೆ ತಗ್ಗಿಸಿದ. ನನಗೂ ಅನುಮಾನ ಹೊಕ್ಕಿತು, ಸುಳ್ಳು ಹೇಳಲಾರೆ. ರಂಜಿತಾ ಮಾತ್ರ ಸುಮ್ಮನೆ ತುಂಡನ್ನು ಒರೆಸಿ ಮತ್ತೆ ಬಿಸಿಲಿಗಿಟ್ಟಳು. "ನಿಧಾನಕ್ಕೆ ಬಿಡಬೇಕಾದ್ದನ್ನ ಬಿಸಿಗೆ ಒಂದೇ ಸಲ ಬಿಟ್ಟೈತೆ. ಹೊಟ್ಟೆ ಖಾಲಿ ಆಗೈತೆ, ಅಷ್ಟೇ. ಉಣ್ಣಾಕೆ ಬಿಡು" ಅಂದಳು.

ಎಲೆ ಅಡಿಕೆ ಮುಗಿಯುವಷ್ಟು ಹೊತ್ತು ಕಾದು ಮತ್ತೆ ಕಂಬಳಿ ಹೊದ್ದೆವು. ಬೆಳಗುತ್ತಿತ್ತು, ಮೊದಲಿನಷ್ಟೇ.

ಹಾಲಪ್ಪ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕೇಳಿದ್ದು ಒಂದೇ: "ಪುಡಿ ಅರೆಯಾಗ ಮೂಗಿಗೆ ಏನು ಕಟ್ತೀಯವ್ವ?"

ಅವಳು ಫೋನಿನಲ್ಲಿ ತನ್ನ ಫೋಟೋ ತೋರಿಸಿದಳು. ಕೈಗೆ ಗವಸು, ಮೂಗು ಬಾಯಿಗೆ ಮುಸುಕು, ಕಣ್ಣಿಗೆ ಕನ್ನಡಕ. ಹಾಲಪ್ಪ ಅದನ್ನು ಎಡಗಣ್ಣು ಕಿರಿದು ಮಾಡಿ ನೋಡಿದ, ಮುಸುಕಿನ ಅಂಚು ಕೆನ್ನೆಗೆ ಸರಿಯಾಗಿ ಕೂತಿದೆಯೇ ಎಂದು ದೊಡ್ಡದು ಮಾಡಿಸಿ ನೋಡಿದ. ಎದ್ದು ಬಸವರಾಜನಿಗೆ ಹೇಳಿದ: "ಹೋಗ್ಲಿ ಬಿಡು. ಕಲ್ಲು ಮಾತ್ರ ನನ್ನ ಹತ್ರ ಇರ್ಲಿ. ದಿನಾ ನೋಡ್ತೀನಿ. ಇದು ಕೈಕೊಟ್ಟ ದಿನ ನೀ ಎಲ್ಲಿದ್ರೂ ಫೋನ್ ಮಾಡ್ತೀನಿ, ಹೋಗಿ ಮಗಳನ್ನ ಕರ್ಕಂಬಾ."

ಹುಡುಗಿ ಹೋದಳು. ಅಲ್ಲಿಂದ ಮುಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ ನನ್ನ ಮಧ್ಯಾಹ್ನಗಳು ನೆಮ್ಮದಿಯಿಂದ ಕಳೆಯಲಿಲ್ಲ. ಅತ್ತ ಅಂಗಡಿಯಲ್ಲಿ ಕಂಬಳಿ ಸರಿದ ಸದ್ದಾದರೆ ಇತ್ತ ನಾನು ಬಸವರಾಜನ ಫೋನಿಗೆ ಕಿವಿಗೊಡುತ್ತಿದ್ದೆ. ಎದುರಾದಾಗ "ಏನಂತೈತೆ ಕಲ್ಲು?" ಎಂದು ಕೇಳಿದರೆ, "ಇವತ್ತು ಬೆಳಗೈತೆ. ನಾಳೇದು ನಾಳೆ" ಅನ್ನುತ್ತಿದ್ದ. ಕೊನೆಯ ಸಲ ಮಾತಾಡಿಸಿದಾಗಲೂ ಅದೇ ಮಾತು. ಮಾಘದಲ್ಲಿ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಫೋನ್ ಮಾತ್ರ ಬರಲೇ ಇಲ್ಲ.

ಮೊನ್ನೆ ರಂಜಿತಾ ಡಾಕ್ಟರೇಟ್ ಮುಗಿಸಿ ಬಂದಳು. ದಪ್ಪ ಪುಸ್ತಕ, ಅವಳದೇ ಹೆಸರು! ಸಂತೋಷಕ್ಕೆ ನಾನು ಓದಲು ಬಾರದ ಪುಟಗಳನ್ನೆಲ್ಲ ಸವರಿದೆ. ಸುದ್ದಿ ಕೇಳಿ ಹಾಲಪ್ಪನ ಹೆಂಡತಿ ಸಾಕಮ್ಮ ಅವನ ಗ್ಯಾಸ್‌ಲೈಟ್ ಪೆಟ್ಟಿಗೆ ಹೊರಿಸಿಕೊಂಡು ಬಂದಳು. ಒಳಗೆ ಮೇಂಟಲ್ ಕಾಗದದಲ್ಲಿ ಸುತ್ತಿದ ತುಂಡು, ಒಂದು ಮೊಳೆ. ಮುಚ್ಚಳದ ಒಳಮೈ ತುಂಬ ಮೊಳೆಯಲ್ಲಿ ಗೀರಿದ ಗೆರೆಗಳು, ದಿನಕ್ಕೊಂದು. ಒಂದು ಕಡೆ ಮಾತ್ರ ಸಾಲಾಗಿ ಮೂರು ಕತ್ತರಿ ಗುರುತು.

ರಂಜಿತಾಳ ಮುಖ ಇಳಿಯಿತು. "ಮೂರು ದಿನ ಬೆಳಗಿಲ್ವಾ? ಮತ್ತೆ ಫೋನ್ ಯಾಕೆ ಮಾಡ್ಲಿಲ್ಲ?"

"ಅಯ್ಯ, ಆಗ ಅವರ ಬಲಗಣ್ಣಿನ ಪೊರೆ ತೆಗೆದು ಬಟ್ಟೆ ಕಟ್ಟಿದ್ರು ಕಣವ್ವ, ಎಡಗಣ್ಣು ಮೊದ್ಲೇ ಮಂಜು" ಅಂದಳು ಸಾಕಮ್ಮ. "ನಾನೇ ಕಂಬಳಿ ಹೊದ್ದು ನೋಡಿ ಬೆಳಗತೈತೆ ಅಂದೆ. 'ನೀ ನೋಡಿದ್ದು ನಿಂಗಾಯ್ತು, ನಾ ನೋಡಿಲ್ಲ' ಅಂತ ಕೈಯಾಗೆ ತಡಕಿ ಕತ್ತರಿ ಹಾಕಿದ್ರು. ಫೋನ್ ಮಾಡ್ಲೇನು ಅಂದ್ರೆ, 'ಕಲ್ಲಿನ ತಪ್ಪು ಅಲ್ಲ, ಸುಮ್ಕಿರು' ಅಂದ್ರು."

ರಂಜಿತಾ ಆ ಮೂರು ಗುರುತುಗಳ ಮೇಲೆ ಬೆರಳಿಟ್ಟು ಅತ್ತಳು, ನಕ್ಕಳು.

ನಾನು ತುಂಡನ್ನು ಅಂಗಳದ ಬಿಸಿಲಿಗಿಟ್ಟು, ಹೊತ್ತು ಕಳೆದ ಮೇಲೆ ಕಂಬಳಿ ಹೊದ್ದೆ. ಬೆಳಗುತ್ತಿತ್ತು. ಹೊರಗೆ ಬಂದು ಕೊನೆಯ ಗೆರೆಯ ಪಕ್ಕ ಮೊಳೆ ಊರಿದೆ. ಗೀರುವ ಮೊದಲು, ಯಾವುದಕ್ಕೂ ಇರಲಿ ಎಂದು ಇನ್ನೊಮ್ಮೆ ಹೊದ್ದು ನೋಡಿದೆ.